ಆಸ್ಪತ್ರೆ ಅನುಭವ ಜಾಸ್ತಿ ಇಲ್ದೇ ಅಮೆರಿಕಾದಲ್ಲಿ ಪಿಎ ಸೀಟು ಸಿಗುತ್ತಾ?

ಸಿಗುತ್ತೆ. (ಪಿಎ ಅಂದ್ರೆ ಫಿಸಿಷಿಯನ್ ಅಸಿಸ್ಟೆಂಟ್, ಡಾಕ್ಟರ್ ಜೊತೆ ಸೇರಿ ರೋಗಿಗಳನ್ನ ನೋಡಿ ಮದ್ದು ಬರೆಯೋರು.) ಆದ್ರೆ ನೀವು ಬರ್ದಿರೋದು ನೋಡಿದ್ರೆ ಈ ಏಪ್ರಿಲ್‌ಗೆ ಅಪ್ಲೈ ಮಾಡ್ಬೇಡಿ, ಹಾಗಂತ ಮೂರು ವರ್ಷ ಕಾಯೋದೂ ಬೇಡ.

ನೀವು ಹೇಳಿರೋದು ಇಷ್ಟು: ದಾವಣಗೆರೇಲಿ ಬಿ.ಫಾರ್ಮ್ ಮುಗ್ಸಿ ಸ್ವಲ್ಪ ದಿನ ಮೆಡಿಕಲ್ ಶಾಪಲ್ಲಿ ಕೆಲ್ಸ ಮಾಡಿದೀರಿ, ಮದುವೆ ಆಗಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದಿದೀರಿ, ಎಚ್4 ಇಎಡಿ (ಗಂಡನ ವೀಸಾ ಮೇಲೆ ಬಂದೋರಿಗೆ ಸಿಗೋ ಕೆಲ್ಸದ ಪರ್ಮಿಟ್) ಈಗಷ್ಟೇ ಕೈಗೆ ಬಂದಿದೆ, ಮಾರ್ಕ್ಸ್ ಚೆನ್ನಾಗಿದೆ, ಇಲ್ಲಿನ ಆಸ್ಪತ್ರೇಲಿ 300 ಗಂಟೆ ವಾಲಂಟಿಯರ್ ಕೆಲ್ಸ, ಒಬ್ರು ಡಾಕ್ಟರ್ ಜೊತೆ 40 ಗಂಟೆ ಶ್ಯಾಡೋಯಿಂಗ್ (ಜೊತೆಗಿದ್ದು ಅವ್ರ ಕೆಲ್ಸ ನೋಡೋದು). ಇಷ್ಟಿಟ್ಕೊಂಡು ಪಿಎ ಸ್ಕೂಲ್‌ಗೆ ಹಾಕ್ಲಾ ಅಂತ ಪ್ರಶ್ನೆ. ನಾನು ಪೆನ್ಸಿಲ್ವೇನಿಯಾದಲ್ಲಿ ಅರ್ಜೆಂಟ್ ಕೇರ್‌ನಲ್ಲಿ ಪಿಎ. ಮೈಸೂರಲ್ಲಿ ಬಿಎಸ್ಸಿ ಮಾಡ್ಕೊಂಡು ಬಂದೋಳು, ಸೇರುವಾಗ ನನ್ನ ಗಂಟೆ ಲೆಕ್ಕ ಇಡೀ ಕ್ಲಾಸಲ್ಲೇ ಕೆಳಗಿನ ಕಡೆ ಇತ್ತು, ಪಕ್ಕದಲ್ಲಿ ಕೂರ್ತಿದ್ದೋನು ಆಂಬುಲೆನ್ಸಲ್ಲಿ ಪ್ಯಾರಾಮೆಡಿಕ್ ಆಗಿ ವರ್ಷಗಟ್ಲೆ ದುಡಿದು ಬಂದೋನು. ಹಾಗಾಗಿ ಈ ಗಂಟೆ ಭಯ ಏನು ಅಂತ ನಂಗೆ ಚೆನ್ನಾಗಿ ಗೊತ್ತು.

ಮೊದ್ಲು ಬೇಜಾರಿನ ವಿಷ್ಯ ಹೇಳ್ಬಿಡ್ತೀನಿ. ನಿಮ್ಮ 300 ಗಂಟೆ ಹೆಚ್ಚುಕಮ್ಮಿ ಲೆಕ್ಕಕ್ಕೇ ಬರಲ್ಲ. ಎಲ್ಲಾ ಸ್ಕೂಲ್‌ಗೂ ಸೇರಿ ಅಪ್ಲಿಕೇಶನ್ ಹಾಕೋ ಕ್ಯಾಸ್ಪಾ ಪೋರ್ಟಲ್ ಇದ್ಯಲ್ಲ, ಅದರಲ್ಲಿ ಅನುಭವಕ್ಕೆ ಬೇರೆ ಬೇರೆ ಕಾಲಂ ಇದಾವೆ. ಪೇಷಂಟ್ ಕೇರ್ ಎಕ್ಸ್‌ಪೀರಿಯನ್ಸ್ ಅಂದ್ರೆ ಪಿಸಿಇ, ರೋಗಿಯ ಆರೈಕೆಗೆ ನೇರವಾಗಿ ನೀವೇ ಜವಾಬ್ದಾರಿ ಇರೋ ಕೆಲ್ಸ: ನರ್ಸ್, ಪ್ಯಾರಾಮೆಡಿಕ್, ಆಂಬುಲೆನ್ಸಲ್ಲಿ ಪ್ರಥಮ ಚಿಕಿತ್ಸೆ ಕೊಡೋ ಇಎಂಟಿ, ರಕ್ತ ತೆಗೆಯೋ ಫ್ಲೆಬಾಟಮಿ ಇಂಥವು. ಹೆಲ್ತ್‌ಕೇರ್ ಎಕ್ಸ್‌ಪೀರಿಯನ್ಸ್ ಅಂದ್ರೆ ಎಚ್‌ಸಿಇ, ಆಸ್ಪತ್ರೆ ಒಳಗೇ ಇರ್ತೀರ ಆದ್ರೆ ಆರೈಕೆ ನಿಮ್ಮ ಕೈಲಿಲ್ಲ: ಊಟದ ಟ್ರೇ ಕೊಡೋದು, ವೀಲ್‌ಚೇರ್ ತಳ್ಳೋದು, ಫ್ರಂಟ್ ಡೆಸ್ಕ್, ಔಷಧಿ ತುಂಬಿ ಕೊಡೋದು. ನಿಮ್ಮ ಮೆಡಿಕಲ್ ಶಾಪ್ ಕೆಲ್ಸ ಇಲ್ಲಿಗೆ ಬರುತ್ತೆ. ವಾಲಂಟಿಯರಿಂಗ್‌ಗೆ ಇನ್ನೊಂದು ಕಾಲಂ, ಶ್ಯಾಡೋಯಿಂಗ್‌ಗೆ ಮತ್ತೊಂದು. ಒಂದೇ ಗಂಟೆನ ಎರಡು ಕಡೆ ತೋರ್ಸೋ ಹಾಗಿಲ್ಲ. ಸ್ಕೂಲ್‌ನವ್ರು ಕಣ್ಣಿಡೋದು ಮುಖ್ಯವಾಗಿ ಪಿಸಿಇ ಮೇಲೆ, ಅದು ನಿಮ್ದು ಸದ್ಯಕ್ಕೆ ಸೊನ್ನೆ.

ಇದ್ಯಾಕೆ ಇವ್ರಿಗೆ ಈ ಅನುಭವದ ಹುಚ್ಚು ಅಂತ ಕೇಳಿದ್ರೆ, ಈ ಕೋರ್ಸ್ ಹುಟ್ಟಿದ್ದೇ ಹಾಗೆ. 1965ರಲ್ಲಿ ಡ್ಯೂಕ್ ಯೂನಿವರ್ಸಿಟೀಲಿ ಡಾ. ಯೂಜೀನ್ ಸ್ಟೆಡ್ ಮೊದಲನೇ ಬ್ಯಾಚ್ ಶುರು ಮಾಡ್ದಾಗ ತಗೊಂಡಿದ್ದು ನೌಕಾಪಡೇಲಿ ಕಾರ್ಪ್ಸ್‌ಮನ್ ಆಗಿ ಗಾಯಾಳುಗಳನ್ನ ನೋಡ್ಕೊಂಡು ಬಂದಿದ್ದವ್ರನ್ನ. ಕೈ ಪಳಗಿದೋರು, ಅವ್ರಿಗೆ ಬೇಕಿದ್ದಿದ್ದು ಓದು ಮಾತ್ರ, ಎರಡು ವರ್ಷ ಸಾಕಾಯ್ತು. ಇವತ್ತಿಗೂ ಕೋರ್ಸ್ ಸಾಮಾನ್ಯವಾಗಿ 27 ತಿಂಗಳ ಆಸುಪಾಸೇ, ಅದ್ರಲ್ಲಿ ಒಂದು ವರ್ಷ ಕ್ಲಾಸು, ಉಳಿದಿದ್ದು ವಾರ್ಡ್, ಓಟಿ, ಎಮರ್ಜೆನ್ಸಿ ಅಂತ ರೊಟೇಶನ್. ಎಂಬಿಬಿಎಸ್ ಥರ ಐದೂವರೆ ವರ್ಷ ಇಟ್ಕೊಂಡು ನಿಧಾನಕ್ಕೆ ರೋಗಿ ಹತ್ರ ಮಾತಾಡೋದು ಕಲ್ಸೋಕೆ ಅವ್ರಿಗೆ ಟೈಮಿಲ್ಲ, ಆ ಭಾಗ ನೀವು ಕಲ್ತುಕೊಂಡೇ ಬನ್ನಿ ಅಂತಾರೆ.

ಎಷ್ಟು ಗಂಟೆ ಬೇಕು ಅನ್ನೋದು ಸ್ಕೂಲಿಂದ ಸ್ಕೂಲಿಗೆ ಬೇರೆ. ಕೆಲವು 500 ಅಂತಾರೆ, ಕೆಲವು 1000, ವಾಷಿಂಗ್ಟನ್ ರಾಜ್ಯದ ಮೆಡೆಕ್ಸ್ ಅನ್ನೋ ಪ್ರೋಗ್ರಾಂ ಥರದವು 2000, ಇನ್ನು ಕೆಲವು ಕನಿಷ್ಠ ಅಂತ ಏನೂ ಇಡದೆ ಇದ್ರೆ ಒಳ್ಳೇದು ಅಂತ ಮಾತ್ರ ಬರ್ದಿರ್ತಾರೆ. ದೇಶದಲ್ಲಿ ಮಾನ್ಯತೆ ಇರೋ ಪ್ರೋಗ್ರಾಂಗಳೇ 300ಕ್ಕಿಂತ ಜಾಸ್ತಿ ಇದಾವೆ, ಹಾಗಾಗಿ ಕಮ್ಮಿ ಗಂಟೆ ಇರೋರಿಗೆ ಜಾಗ ಇಲ್ಲ ಅನ್ನೋದು ಸುಳ್ಳು. ಸ್ಕೂಲ್‌ಗಳು ಹಾಕೋ ಸರಾಸರಿ ಗಂಟೆ ನೋಡಿ ಹೆದ್ರಬೇಡಿ, ಹತ್ತು ವರ್ಷ ನರ್ಸ್ ಆಗಿದ್ದೋರು ಇಬ್ರು ಕ್ಲಾಸಲ್ಲಿ ಇದ್ರೆ ಸಾಕು ಸರಾಸರಿ ಆಕಾಶಕ್ಕೆ ಹೋಗುತ್ತೆ. ಮೀಡಿಯನ್ (ಎಲ್ರನ್ನೂ ಸಾಲಾಗಿ ನಿಲ್ಸಿದ್ರೆ ನಡುವಿನೋರ ಗಂಟೆ) ಕೊಟ್ಟಿದ್ರೆ ಅದನ್ನ ನೋಡಿ. ಆದ್ರೆ ಒಂದು, ಕನಿಷ್ಠ 500 ಅಂತ ಬರ್ದಿರೋ ಕಡೆ ಸರಿಯಾಗಿ 500 ಇಟ್ಕೊಂಡು ಹೋದ್ರೆ ಬಾಗಿಲ ಒಳಗೆ ಬಿಡ್ತಾರೆ ಅಷ್ಟೇ, ಕುರ್ಚಿ ಕೊಡ್ತಾರೆ ಅಂತಲ್ಲ.

ನನ್ನ ಪ್ರಕಾರ ನೀವು ಮಾಡ್ಬೇಕಾದ್ದು ಒಂದು ವರ್ಷ ಕೈಯಿಂದ ಮಾಡೋ ಕೆಲ್ಸ. ವಾರಕ್ಕೆ 40 ಗಂಟೆ ಅಂದ್ರೆ ವರ್ಷಕ್ಕೆ 2000 ಹತ್ರ ಬರುತ್ತೆ, ಪಾರ್ಟ್ ಟೈಮ್ ಆದ್ರೂ ಸಾವಿರ. ಯಾವ ಕೆಲ್ಸ ಅಂದ್ರೆ ಸಿಎನ್ಎ, ಅಂದ್ರೆ ಸರ್ಟಿಫೈಡ್ ನರ್ಸಿಂಗ್ ಅಸಿಸ್ಟೆಂಟ್. ಇಲ್ಲಿನ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಟ್ರೈನಿಂಗ್ ಕನಿಷ್ಠ 75 ಗಂಟೆ, ರಾಜ್ಯಗಳು ಅದಕ್ಕಿಂತ ಜಾಸ್ತಿ ಇಟ್ಕೋಬಹುದು. ನರ್ಸಿಂಗ್ ಹೋಮ್‌ನವ್ರೇ ಕೆಲ್ಸಕ್ಕೆ ತಗೊಂಡು ಟ್ರೈನಿಂಗ್ ಕೊಟ್ರೆ ನಿಮ್ಮತ್ರ ದುಡ್ಡು ಕೇಳೋ ಹಾಗಿಲ್ಲ. (ಇಲ್ಲಿ ನರ್ಸಿಂಗ್ ಹೋಮ್ ಅಂದ್ರೆ ನಮ್ಮೂರ ಥರ ಸಣ್ಣ ಆಸ್ಪತ್ರೆ ಅಲ್ಲ, ವಯಸ್ಸಾದೋರು ಉಳ್ಕೊಳ್ಳೋ ಜಾಗ.) ಒಂದು ಎಚ್ಚರಿಕೆ, ಸಿಎನ್ಎ ಕೆಲ್ಸಾನ ಕೆಲವು ಸ್ಕೂಲ್ ಏನೇನು ಮಾಡಿದೀರಿ ಅಂತ ವಿವರ ನೋಡಿ ಪಿಸಿಇ ಅಂತ ಒಪ್ತಾವೆ, ಅದಕ್ಕೆ ಡ್ಯೂಟಿ ಬರೆಯೋ ಜಾಗದಲ್ಲಿ ಬರೀ ಹೆಲ್ಪ್ ಮಾಡ್ದೆ ಅಂತ ಬರೀದೆ ಬಿಪಿ ನೋಡಿದ್ದು, ಬೆಡ್‌ಸೋರ್ ಆಗದೇ ಇರೋ ಹಾಗೆ ಮಗ್ಗುಲು ತಿರುಗ್ಸಿದ್ದು, ಉಸಿರಾಟ ಸರಿ ಇಲ್ಲ ಅನ್ಸಿ ನರ್ಸ್‌ಗೆ ಹೇಳಿದ್ದು ಎಲ್ಲಾ ಬಿಡಿಸಿ ಬರೀರಿ.

ಈಗ ನಮ್ಮೋರಿಗೆ ನಿಜವಾಗ್ಲೂ ಕಷ್ಟ ಆಗೋ ಜಾಗಕ್ಕೆ ಬರ್ತೀನಿ. ಸಿಎನ್ಎ ಕೆಲ್ಸ ಅಂದ್ರೆ ಡಯಪರ್ ಬದಲ್ಸೋದು, ಬೆಡ್‌ಪ್ಯಾನ್ ತೆಗಿಯೋದು, ಸ್ನಾನ ಮಾಡ್ಸೋದು, ತುತ್ತು ತಿನ್ಸೋದು. ಇದನ್ನ ಮನೇಲಿ ಹೇಳಿದ ದಿನ ನಮ್ಮತ್ತೆ ವಿಡಿಯೋ ಕಾಲಲ್ಲಿ ಅಂದಿದ್ದು, ಅಷ್ಟು ಓದಿಸಿದ್ದು ಇದಕ್ಕಾ ಅಂತ, ನಮ್ಮಮ್ಮ ಅದಕ್ಕಿಂತ ಒಂದು ಕೈ ಮೇಲೆ, ಯಾರತ್ರಾನೂ ಹೇಳ್ಬೇಡ ಕಣೇ, ಆಸ್ಪತ್ರೇಲಿ ಕೆಲ್ಸ ಅಂತ ಅಷ್ಟೇ ಹೇಳು ಅಂದ್ರು. ಅಸೋಸಿಯೇಷನ್ ಯುಗಾದಿ ಊಟದಲ್ಲಿ ಸಿಕ್ಕೋರು ಐಟಿ ಟೆಸ್ಟಿಂಗ್ ಕೋರ್ಸ್ ಮಾಡ್ಬಹುದಿತ್ತಲ್ಲ ಅಂತ ಸಲಹೆ ಕೊಡ್ತಾರೆ. ಇದರಿಂದ ತಪ್ಪಿಸ್ಕೊಳ್ಳೋಕೆ ಅಂತಾನೇ ನಮ್ಮ ಹುಡ್ಗೀರು ತುಂಬಾ ಜನ ಸ್ಕ್ರೈಬ್ ಕೆಲ್ಸಕ್ಕೆ ಹೋಗ್ತಾರೆ, ಡಾಕ್ಟರ್ ಪಕ್ಕ ಲ್ಯಾಪ್‌ಟಾಪ್ ಹಿಡ್ಕೊಂಡು ಅವ್ರು ಹೇಳಿದ್ದು ಟೈಪ್ ಮಾಡೋದು, ನೋಡೋಕೆ ಚೆಂದ, ಕೈ ಕೊಳೆ ಆಗಲ್ಲ. ಕಲಿಯೋಕೆ ಸಿಗುತ್ತೆ ಇಲ್ಲ ಅನ್ನಲ್ಲ, ಡಾಕ್ಟರ್ ಹೇಗೆ ಯೋಚ್ನೆ ಮಾಡ್ತಾರೆ ಅನ್ನೋದು ಅಲ್ಲಿ ತಿಳಿಯೋ ಅಷ್ಟು ನರ್ಸಿಂಗ್ ಹೋಮಲ್ಲಿ ತಿಳಿಯಲ್ಲ. ಆದ್ರೆ ಸುಮಾರು ಸ್ಕೂಲ್‌ಗಳು ಅದನ್ನ ಪಿಸಿಇ ಅಂತ ಒಪ್ಪಲ್ಲ. ಗಂಟೆ ಕಮ್ಮಿ ಇರೋರು ಇರೋ ಗಂಟೆನೂ ವಾದಕ್ಕೆ ಬೀಳೋ ಥರ ಮಾಡ್ಕೋಬಾರ್ದು. ನನ್ನ ಕೇಳಿದ್ರೆ ಅತ್ತೆ ಮಾತು ಆರು ತಿಂಗಳಲ್ಲಿ ತಣ್ಣಗಾಗುತ್ತೆ, ರಿಜೆಕ್ಷನ್ ಮೇಲ್ ಹಾಗಲ್ಲ.

ಎಡಿಸನ್ ಕಡೆ ಇರೋದ್ರಿಂದ ಇನ್ನೊಂದು ದಾರಿ ಇದೆ, ಇಎಂಟಿ. ನ್ಯೂಜೆರ್ಸೀಲಿ ವಾಲಂಟಿಯರ್ ಆಂಬುಲೆನ್ಸ್ ಸ್ಕ್ವಾಡ್‌ಗಳ ಸಂಪ್ರದಾಯ ಹಳೇದು, ಸೇರ್ಕೊಂಡ್ರೆ ಎಷ್ಟೋ ಕಡೆ ಕೋರ್ಸ್ ಫೀಸೂ ಅವ್ರೇ ನೋಡ್ಕೋತಾರೆ. ಕೋರ್ಸು 150 ಗಂಟೆ ಮೇಲಾಗುತ್ತೆ. ಸಂಬಳ ಇಲ್ದಿದ್ರೂ ಅದು ಕೈ ಕೆಲ್ಸವೇ. ಸ್ಟೇಷನ್‌ನಲ್ಲಿ ಕಾಲ್‌ಗೆ ಕಾಯ್ತಾ ಟಿವಿ ನೋಡಿದ ರಾತ್ರಿನೆಲ್ಲ ಪಿಸಿಇ ಅಂತ ತುಂಬಿಸ್ಬೇಡಿ, ಕ್ಯಾಸ್ಪಾದಲ್ಲಿ ಸೂಪರ್‌ವೈಸರ್ ಹೆಸರು ನಂಬರ್ ಎಲ್ಲಾ ಕೇಳ್ತಾರೆ. ಇಎಡಿ ಇಲ್ದೇ ಇರೋ ಎಚ್4 ನವ್ರು ಯಾರಾದ್ರೂ ಇದನ್ನ ಓದ್ತಿದ್ರೆ, ಸಂಬಳದ ಕೆಲ್ಸ ಮುಟ್ಟಲೇಬೇಡಿ, ವಾಲಂಟಿಯರ್ ಆಗೋ ಮುಂಚೇನೂ ಲಾಯರ್ ಹತ್ರ ಒಂದ್ಸಲ ಕೇಳಿ.

ಶ್ಯಾಡೋಯಿಂಗ್ ನೀವು ಡಾಕ್ಟರ್ ಜೊತೆ ಮಾಡಿದೀರಿ, ಪಿಎ ಜೊತೆ ಮಾಡಿ. ಗಂಟೆ ಕಮ್ಮಿ ಇರೋರನ್ನ ಇಂಟರ್‌ವ್ಯೂನಲ್ಲಿ ಕುಟುಕೋದೇ ಅಲ್ಲಿ: ಪಿಎ ಯಾಕೆ, ಡಾಕ್ಟರ್ ಯಾಕಲ್ಲ, ನರ್ಸ್ ಪ್ರಾಕ್ಟಿಷನರ್ (ಹೆಚ್ಚಿಗೆ ಓದಿ ತಾವೇ ಚಿಕಿತ್ಸೆ ಕೊಡೋ ನರ್ಸ್) ಯಾಕಲ್ಲ. ಪಿಎ ದಿನ ಹೇಗಿರುತ್ತೆ ಅಂತ ಕಣ್ಣಾರೆ ನೋಡ್ದೆ ಉತ್ತರ ಕೊಟ್ರೆ ಎರಡನೇ ವಾಕ್ಯಕ್ಕೇ ಸಿಕ್ಕಿ ಬೀಳ್ತೀರಿ. ಕೋರ್ಸ್ ಬೇಗ ಮುಗಿಯುತ್ತೆ, ಮಕ್ಕಳು ಮರಿ ಅಂತ ಲೈಫ್ ಬ್ಯಾಲೆನ್ಸ್ ಆಗುತ್ತೆ ಅನ್ನೋದು ನಿಜವೇ ಇರ್ಬಹುದು, ಆದ್ರೆ ಅದೊಂದೇ ಕಾರಣ ಅಂತ ಹೇಳ್ಬೇಡಿ ಮಹರಾಯ್ತಿ. ನಂಗೆ ಕೈ ಹಿಡಿದಿದ್ದು ನರ್ಸಿಂಗ್ ಹೋಮ್‌ನ ಒಬ್ಬ ಅಜ್ಜಿ. ಇಂಗ್ಲಿಷ್ ಬರದ ಗುಜರಾತಿ ಅಜ್ಜಿ, ಊಟ ಬಿಟ್ಟಿದ್ರು, ಖಿನ್ನತೆ ಅಂತ ಎಲ್ರೂ ಅಂದ್ಕೊಂಡಿದ್ರು, ಹಲ್ಲಿನ ಸೆಟ್ ಒತ್ತಿ ವಸಡಲ್ಲಿ ಹುಣ್ಣಾಗಿದ್ದನ್ನ ನಾನು ಬಾಯಿ ತೊಳಿಸೋವಾಗ ನೋಡಿ ನರ್ಸ್‌ಗೆ ಹೇಳಿದ್ದು. ಆಮೇಲೆ ಬಂದು ನೋಡಿದ್ದು ಒಬ್ರು ಪಿಎ, ಬಾಯಿ ನೋಡಿ ಮದ್ದು ಬರ್ದು, ಡೆಂಟಿಸ್ಟ್‌ಗೆ ಕಳ್ಸಿ, ಮಗಳಿಗೆ ಫೋನ್ ಮಾಡಿ ಹತ್ತು ನಿಮಿಷ ಮಾತಾಡಿದ್ರು. 5000 ಅಕ್ಷರದ ಪರ್ಸನಲ್ ಸ್ಟೇಟ್‌ಮೆಂಟಲ್ಲಿ ಅರ್ಧಕ್ಕಿಂತ ಜಾಸ್ತಿ ಬರ್ದಿದ್ದು ಇದನ್ನೇ. ಚಿಕ್ಕಂದಿನಿಂದ ಜನಸೇವೆ ಆಸೆ ಅಂತ ಶುರು ಮಾಡೋರು ರಾಶಿ ಇದಾರೆ, ನೀವು ಆ ರಾಶಿಗೆ ಸೇರ್ಬೇಡಿ.

ಓದಿನ ಕಡೆ ನೀವು ಅಂದ್ಕೊಂಡಷ್ಟು ಸೇಫ್ ಇಲ್ಲ. ಎಷ್ಟೋ ಪ್ರೋಗ್ರಾಂಗಳು ಅನಾಟಮಿ ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಇವನ್ನ ಅಮೆರಿಕಾದ ಕಾಲೇಜಲ್ಲೇ ಲ್ಯಾಬ್ ಸಮೇತ ಮಾಡಿರ್ಬೇಕು ಅಂತಾರೆ, ಕೆಲವ್ರು ಇಷ್ಟು ವರ್ಷದ ಒಳಗೆ ಅಂತಲೂ ಸೇರಿಸ್ತಾರೆ. ಎಡಿಸನ್‌ನಲ್ಲೇ ಮಿಡಲ್‌ಸೆಕ್ಸ್ ಕಾಲೇಜ್ ಇದೆ, ಕಮ್ಯುನಿಟಿ ಕಾಲೇಜು, ಸಂಜೆ ಕ್ಲಾಸ್ ಸಿಕ್ರೆ ಕೆಲ್ಸದ ಜೊತೆ ಎ ತಗೊಳ್ಳಿ. ಗಂಟೆ ಕಮ್ಮಿ ಇರೋರಿಗೆ ಹೊಸ ಎ ಗ್ರೇಡ್‌ಗಳೇ ಎದುರು ತೂಕ. ರಟ್ಗರ್ಸ್, ಸೀಟನ್ ಹಾಲ್, ಮಾನ್ಮತ್ ಮೂರೂ ನಿಮ್ಮ ರಾಜ್ಯದಲ್ಲೇ ಇದಾವೆ, ಮೂರರ ಪೇಜೂ ಇವತ್ತೇ ತೆಗೆದು ಗಂಟೆ, ಪ್ರಿರಿಕ್ವಿಸಿಟ್ (ಸೇರೋ ಮುಂಚೆ ಓದಿರ್ಬೇಕಾದ ವಿಷಯ), ವೀಸಾ ಈ ಮೂರನ್ನ ಒಂದು ಎಕ್ಸೆಲ್ ಶೀಟಿಗೆ ಹಾಕಿ, ಆಮೇಲೆ ಹೊರ ರಾಜ್ಯದ್ದು ಸೇರಿಸ್ತಾ ಹೋಗಿ. ವೀಸಾ ಯಾಕಂದೆ ಅಂದ್ರೆ ಕೆಲವು ಕಡೆ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ರೆ ಮಾತ್ರ ತಗೋತಾರೆ. ಫೆಡರಲ್ ಎಜುಕೇಶನ್ ಲೋನ್ ಎಚ್4 ನವ್ರಿಗೆ ಇಲ್ಲ, ಪ್ರೈವೇಟ್ ಲೋನ್‌ಗೆ ಸಾಮಾನ್ಯವಾಗಿ ಕೋಸೈನರ್ (ಜಾಮೀನು ನಿಲ್ಲೋರು) ಕೇಳ್ತಾರೆ, ಓದುವಾಗ ಕೆಲ್ಸ ಮಾಡೋಕೆ ಹೆಚ್ಚಿನ ಕಡೆ ಬಿಡಲ್ಲ. ಯಜಮಾನ್ರ ಜೊತೆ ಕೂತು ಈ ಲೆಕ್ಕ ಗಂಟೆ ಲೆಕ್ಕಕ್ಕಿಂತ ಮೊದ್ಲು ಮಾಡಿ.

ಊರಿಂದ ಕೇಳೋರಿಗೆ ಒಂದು ಮಾತು, ನಮ್ಮಲ್ಲೂ ಫಿಸಿಷಿಯನ್ ಅಸಿಸ್ಟೆಂಟ್ ಅಂತ ಬಿಎಸ್ಸಿ ಇದೆ, ಚೆನ್ನೈನಲ್ಲಿ 1992ರಲ್ಲಿ ಶುರುವಾಗಿದ್ದು. ಅದನ್ನ ಮಾಡ್ಕೊಂಡು ಬಂದು ಇಲ್ಲಿ ನೇರವಾಗಿ ಲೈಸೆನ್ಸ್ ಪರೀಕ್ಷೆ ಪ್ಯಾನ್ಸ್ ಬರೆಯೋಕೆ ಆಗಲ್ಲ, ಇಲ್ಲಿನ ಮಾನ್ಯತೆ ಇರೋ ಸ್ಕೂಲಲ್ಲೇ ಓದಿರ್ಬೇಕು. ಎಂಬಿಬಿಎಸ್ ಆದೋರಿಗೂ ಇದೇ ನಿಯಮ.

ಕ್ಯಾಸ್ಪಾ ಪ್ರತಿ ವರ್ಷ ಏಪ್ರಿಲ್ ಕೊನೇಲಿ ತೆರೆಯುತ್ತೆ, ತುಂಬಾ ಸ್ಕೂಲ್‌ಗಳು ಅಪ್ಲಿಕೇಶನ್ ಬಂದ ಹಾಗೆ ಸೀಟ್ ತುಂಬ್ತಾ ಹೋಗ್ತಾವೆ, ಹಾಗಾಗಿ ಮುಂದಿನ ವರ್ಷ ಮೇ ಜೂನ್ ಒಳಗೆ ಸಬ್‌ಮಿಟ್ ಆಗೋ ಥರ ಹಿಂದಿನಿಂದ ಲೆಕ್ಕ ಹಾಕಿ. ಸಬ್‌ಮಿಟ್ ಮಾಡಿದ ದಿನ ಎಷ್ಟು ಗಂಟೆ ಇತ್ತೋ ಅಷ್ಟೇ ನಿಮ್ದು ಅಂತ ಅಂದ್ಕೊಂಡು ಹೊರಡಿ. ರೆಕಮೆಂಡೇಶನ್ ಲೆಟರ್‌ಗೆ ಒಬ್ರು ಪಿಎ, ಒಬ್ರು ಕೆಲ್ಸದ ಸೂಪರ್‌ವೈಸರ್, ಒಬ್ರು ಇಲ್ಲಿನ ಪ್ರೊಫೆಸರ್ ಆದ್ರೆ ಚೆನ್ನಾಗಿರುತ್ತೆ. ಆಮೇಲೆ ಡಿಗ್ರಿ ಮಾರ್ಕ್ಸ್ ಕಾರ್ಡನ್ನ ವೆಸ್ ಅನ್ನೋ, ಹೊರ ದೇಶದ ಡಿಗ್ರಿ ತೂಗಿ ನೋಡೋ ಸಂಸ್ಥೆಯವ್ರ ಹತ್ರ ಕೋರ್ಸ್ ಕೋರ್ಸ್ ಬಿಡಿಸಿ ಇವ್ಯಾಲ್ಯುಯೇಶನ್ ಮಾಡಿಸ್ಬೇಕು, ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ ನಿಮ್ಮ ಯೂನಿವರ್ಸಿಟಿಯಿಂದಲೇ ಬರ್ಬೇಕು, ಇಲ್ಲಿಂದ ಮೇಲ್ ಹಾಕ್ತಾ ಕೂತ್ರೆ ಆಗೋ ಕೆಲ್ಸ ಅಲ್ಲ, ಊರಲ್ಲಿ ತಮ್ಮನೋ ಭಾವಮೈದುನನೋ ಯಾರಾದ್ರೂ ಖಾಲಿ ಇದ್ರೆ ಈ ವಾರವೇ ಕೌಂಟರ್ ಮುಂದೆ ನಿಲ್ಸಿ.