ಸೂಪರ್ ಬೌಲ್‌ಗೂ ಮುಂಚೆ ಫೈನಲ್ ಇತ್ತು

ಮಿಷಿಗನ್‌ನಲ್ಲಿರುವ ಮಗನ ಮನೆಗೆ ಹೋಗಿ ಬಂದ ಓದುಗರೊಬ್ಬರು ಬರೆದಿದ್ದಾರೆ: "ಅಮೆರಿಕನ್ ಫುಟ್ಬಾಲ್‌ನಲ್ಲಿ ಫೈನಲ್ ಶುರುವಾಗಿದ್ದೇ 1967ರ ಸೂಪರ್ ಬೌಲ್‌ನಿಂದ ಅಲ್ವಾ? ಡೆಟ್ರಾಯ್ಟ್ ಲಯನ್ಸ್ ಒಂದು ಸಲವೂ ಚಾಂಪಿಯನ್ ಆಗಿಲ್ಲವಂತೆ, ನಿಜವೇ?"

ಎರಡೂ ನಿಜವಲ್ಲ. ಲಯನ್ಸ್ ನಾಲ್ಕು ಸಲ ಗೆದ್ದಿದ್ದಾರೆ, 1935, 1952, 1953 ಮತ್ತು 1957ರಲ್ಲಿ. ಕೊನೆಯ ಸಲವಂತೂ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡವನ್ನು 59-14ರಿಂದ ಚಚ್ಚಿ ಹಾಕಿದರು.

ಈ ತಂಡಗಳು ಆಡುವ ಎನ್‌ಎಫ್‌ಎಲ್ ಎಂಬ ಲೀಗ್ ಹುಟ್ಟಿದ್ದು 1920ರಲ್ಲಿ, ಒಹಾಯೊದ ಕ್ಯಾಂಟನ್ ಊರಿನ ಒಂದು ಕಾರು ಶೋರೂಮಿನಲ್ಲಿ. ಆಗ ಫೈನಲ್ ಇರಲಿಲ್ಲ. ಗೆಲುವು ಸೋಲಿನ ಲೆಕ್ಕ ನೋಡಿ ಚಾಂಪಿಯನ್ ಯಾರು ಅಂತ ಹೇಳುತ್ತಿದ್ದರು, ಎಲ್ಲ ತಂಡಗಳೂ ಸಮನಾಗಿ ಪಂದ್ಯ ಆಡುತ್ತಿರಲಿಲ್ಲವಾದ್ದರಿಂದ ಜಗಳ ತಪ್ಪುತ್ತಿರಲಿಲ್ಲ. 1925ರಲ್ಲಿ ಕೈತಪ್ಪಿದ ಪಟ್ಟಕ್ಕಾಗಿ ಪಾಟ್ಸ್‌ವಿಲ್ ಊರಿನವರು ದಶಕಗಟ್ಟಲೆ ಹೋರಾಡಿದರು.

ದಾರಿ ಬದಲಾಗಿದ್ದು 1932ರಲ್ಲಿ. ಶಿಕಾಗೊ ಬೇರ್ಸ್ ಮತ್ತು ಪೋರ್ಟ್ಸ್‌ಮತ್ ಸ್ಪಾರ್ಟನ್ಸ್ ಮೊದಲ ಸ್ಥಾನದಲ್ಲಿ ಸಮಸಮ. ಸರಿ, ಇನ್ನೊಂದು ಪಂದ್ಯ ಆಡಿಸೋಣ ಅಂದರೆ ಶಿಕಾಗೊದಲ್ಲಿ ಹಿಮ, ಕೊರೆಯುವ ಚಳಿ. ಕೊನೆಗೆ ಶಿಕಾಗೊ ಸ್ಟೇಡಿಯಂ ಎಂಬ ಒಳಾಂಗಣದಲ್ಲೇ ಆಡಿಸಿದರು. ಅಲ್ಲಿ ಅದಕ್ಕೂ ಮುಂಚೆ ಸರ್ಕಸ್ ನಡೆದಿತ್ತು, ಅದಕ್ಕೆ ಹಾಕಿದ ಮಣ್ಣೇ ಮೈದಾನ! ನೂರು ಗಜ ಎಲ್ಲಿಂದ ಬರಬೇಕು, 80 ಗಜದಲ್ಲೇ ಆಡಿದರು. ಸ್ಪಾರ್ಟನ್ಸ್‌ನ ಮುಖ್ಯ ಆಟಗಾರ ಡಚ್ ಕ್ಲಾರ್ಕ್ ಬರಲೇ ಇಲ್ಲ, ಕಾಲೇಜೊಂದರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಕೆಲಸ ಇತ್ತು. ಬೇರ್ಸ್‌ನ ಬ್ರಾಂಕೊ ನಗುರ್‌ಸ್ಕಿ ಮುನ್ನುಗ್ಗುವ ಹಾಗೆ ಮಾಡಿ ಜೊತೆಗಾರ ರೆಡ್ ಗ್ರೇಂಜ್‌ಗೆ ಪಾಸ್ ಎಸೆದ, ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿ ಪಾಯಿಂಟ್ ಬಂತು. ಎಸೆಯುವವನು ಆಟ ಶುರುವಾಗುವ ಗೆರೆಯಿಂದ ಐದು ಗಜ ಹಿಂದಿರಬೇಕು ಅನ್ನುವ ನಿಯಮ ಆಗ ಇತ್ತು, ಇವನು ಅಷ್ಟು ಹಿಂದೆ ಸರಿದಿರಲಿಲ್ಲ ಅಂತ ಎದುರಾಳಿಗಳು ಕೂಗಾಡಿದರು. ಯಾರೂ ಕೇಳಲಿಲ್ಲ. ಬೇರ್ಸ್ 9-0ಯಿಂದ ಗೆದ್ದರು.

ಈ ಒಂದು ಪಂದ್ಯ ಏನೆಲ್ಲ ಬದಲಿಸಿತು ನೋಡಿ. ಐದು ಗಜದ ನಿಯಮ ಹೋಯಿತು. 1933ರಿಂದ ಲೀಗನ್ನು ಎರಡು ಗುಂಪು ಮಾಡಿ, ಗುಂಪಿನಲ್ಲಿ ಗೆದ್ದವರಿಗೆ ಪ್ರತಿ ವರ್ಷ ಫೈನಲ್ ಇಟ್ಟರು. ಸೋತ ಪೋರ್ಟ್ಸ್‌ಮತ್ ತಂಡ 1934ರಲ್ಲಿ ಊರು ಬಿಟ್ಟು ಡೆಟ್ರಾಯ್ಟ್‌ಗೆ ಹೋಯಿತು. ಅದೇ ನಿಮ್ಮ ಲಯನ್ಸ್.

ಆಮೇಲಿನ ಫೈನಲ್‌ಗಳಲ್ಲಿ ನನಗೆ ಬಹಳ ಇಷ್ಟವಾದದ್ದು 1934ರದು. ನ್ಯೂಯಾರ್ಕ್‌ನಲ್ಲಿ ನೆಲ ಹೆಪ್ಪುಗಟ್ಟಿ ಮೊಳೆ ಶೂ ಜಾರುತ್ತಿತ್ತು. ಜೈಂಟ್ಸ್ ತಂಡದವರು ಮ್ಯಾನ್‌ಹ್ಯಾಟನ್ ಕಾಲೇಜಿಗೆ ಒಬ್ಬರನ್ನು ಓಡಿಸಿ ಬಾಸ್ಕೆಟ್‌ಬಾಲ್ ಶೂ ತರಿಸಿದರು, ಅದನ್ನು ಹಾಕಿಕೊಂಡು ಕೊನೆಯ ಕ್ವಾರ್ಟರ್ ಒಂದರಲ್ಲೇ 27 ಪಾಯಿಂಟ್ ಬಾರಿಸಿ ಬೇರ್ಸ್ ವಿರುದ್ಧ 30-13ರಿಂದ ಗೆದ್ದರು. 1940ರಲ್ಲಿ ಅದೇ ಬೇರ್ಸ್ ವಾಷಿಂಗ್ಟನ್ನನ್ನು 73-0ಯಿಂದ ಸೋಲಿಸಿತು. 1958ರ ಫೈನಲ್ 17-17ರಲ್ಲಿ ನಿಂತು ಮೊದಲ ಸಲ ಹೆಚ್ಚುವರಿ ಸಮಯಕ್ಕೆ ಹೋಯಿತು, ಬಾಲ್ಟಿಮೋರ್ ಕೋಲ್ಟ್ಸ್ ಗೆದ್ದಿತು. ಅದನ್ನು ಟಿವಿಯಲ್ಲಿ ನೋಡಿದ ಮೇಲೇ ಎಷ್ಟೋ ಜನ ಅಮೆರಿಕನ್ನರು ಈ ಆಟದ ಕಡೆ ತಿರುಗಿದರು.

1967ರ ಜನವರಿಯ ಪಂದ್ಯ ಎರಡು ಬೇರೆ ಬೇರೆ ಲೀಗ್‌ಗಳ ಚಾಂಪಿಯನ್ನರ ನಡುವಿನದು, ಅಷ್ಟೇ. ಲಾಸ್ ಏಂಜಲಿಸ್‌ನಲ್ಲಿ ಸಾವಿರಾರು ಸೀಟು ಖಾಲಿ ಇದ್ದವು. ಹೀಗಿರುವಾಗ ಸುಮ್ನೆ ಅಲ್ಲಿಂದಲೇ ಎಣಿಸುವುದು ಅನ್ಯಾಯ. ಅಂಥ ಲೆಕ್ಕದಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ 4 ಕಪ್, ಬೇರ್ಸ್‌ಗೆ 1. ನಿಜವಾದ ಲೆಕ್ಕ 13 ಮತ್ತು 9.