ನಡುವೆ ಗುಂಡಿ ಬಿದ್ದ ಕ್ಯಾಂಡಲ್

ಮಳೆಗಾಲಕ್ಕೆ ಮನೆಗೆ ಯಾವ ಪರಿಮಳದ ಕ್ಯಾಂಡಲ್ ತರಲಿ, ಹೋದ ಸಲದ್ದು ನಡುವೆ ಮಾತ್ರ ಕರಗಿ ಗುಂಡಿ ಬಿತ್ತು ಅಂತ ಕೇಳಿದ್ದೀರಿ. ಕ್ಯಾಂಡಲ್ ಕೆಟ್ಟದ್ದೇ ಆಗಿರಬೇಕು ಅಂತಿಲ್ಲ. ಮೊದಲ ಸಲ ಹಚ್ಚಿ ಬೇಗ ಆರಿಸಿದರೂ ಹೀಗಾಗುತ್ತದೆ. ಕರಗಿದ ಮೇಣ ಗಾಜಿನ ಅಂಚು ಮುಟ್ಟುವವರೆಗೆ ಉರಿಯಲಿ, ಎರಡು ಮೂರು ಗಂಟೆ ಬೇಕಾಗಬಹುದು.

ನಾನೂ ಮಂಗಳೂರಿನಲ್ಲಿ ಸುಮ್ನೆ ಡಬ್ಬಿ ಚಂದ ಇದೆ ಅಂತ ಒಂದು ತಂದಿದ್ದೆ. ವಾರದಲ್ಲೇ ಗಾಜಿನ ಬಾಯಿಗೆಲ್ಲ ಮಸಿ. ಬತ್ತಿ ಉದ್ದವಾಗಿ ತುದಿ ಅಣಬೆಯ ಹಾಗೆ ಉಬ್ಬಿತ್ತು. ಈಗ ಪ್ರತಿ ಸಲ ಹಚ್ಚುವ ಮೊದಲು 6 ಮಿ.ಮೀ. ಬಿಟ್ಟು ಕತ್ತರಿಸುತ್ತೇನೆ. ಫ್ಯಾನಿನ ಕೆಳಗೆ ಇಡುವುದಿಲ್ಲ.

ಕೊಳ್ಳುವಾಗ ಮೂಸಿ ನೋಡಿ. ಹಚ್ಚುವ ಮೊದಲೇ ಮೂಗಿಗೆ ಹೊಡೆದರೆ ಬೇಡ. ಯಾವ ಮೇಣ ಅಂತ ಬರೆದಿರಲಿ. ಸೋಯಾ ಮೇಣ ಬೇಗ ಮೆತ್ತಗಾಗುತ್ತದೆ, ನಮ್ಮ ಏಪ್ರಿಲ್ ಸೆಕೆಗೆ ಕಿಟಕಿ ಪಕ್ಕ ಇಡಬೇಡಿ. ಮಲ್ಲಿಗೆಯದ್ದು ಮಾತ್ರ ನನಗೆ ಹಿಡಿಸಲೇ ಇಲ್ಲ. ಶಂಕರಪುರ ಮಲ್ಲಿಗೆ ಮುಡಿದು ಬೆಳೆದವರಿಗೆ ಅದು ಬೇರೆಯೇ ಅನಿಸುತ್ತದೆ, ಅಲ್ವಾ? ಮಳೆಗಾಲಕ್ಕೆ ಲಾವಂಚ ಅಥವಾ ನಿಂಬೆಹುಲ್ಲು ಚೆನ್ನಾಗಿರುತ್ತದೆ.

ಕಪಾಟಿನ ಬೂಷ್ಟು ವಾಸನೆ ಹೋಗಲಿ ಅಂತ ಹಚ್ಚುವುದಾದರೆ ಪ್ರಯೋಜನ ಇಲ್ಲ. ಮೊದಲು ಬೂಷ್ಟು ಒರೆಸಿ, ಬಿಸಿಲು ಬಂದ ದಿನ ಬಾಗಿಲು ತೆರೆದಿಡಿ.