ತಟ್ಟೆ ತೊಳೆದರೂ ಏರ್ ಫ್ರೈಯರ್ ಓವನ್‌ನಲ್ಲಿ ಹೊಗೆ: ಮೇಲ್ಗಡೆ ನೋಡಿ

ತಟ್ಟೆ, ಜಾಲರಿ ಪ್ರತಿಸಲ ತೊಳೆದರೂ 200 ಡಿಗ್ರಿಗೆ ಇಟ್ಟ ಕೂಡಲೇ ಬಿಳಿ ಹೊಗೆ, ಹಳೇ ಬಂಗುಡೆ ವಾಸನೆ ಅಂದಿದ್ದೀರಿ. ಹಾಗಾದ್ರೆ ಜಿಡ್ಡು ಕೂತಿರುವುದು ಮೇಲ್ಗಡೆ, ಕಾಯುವ ಕಾಯಿಲ್ ಮತ್ತು ಅದರ ಸುತ್ತಲಿನ ತಗಡಿನ ಮೇಲೆ. ಫ್ಯಾನ್ ಗಾಳಿಗೆ ಎಣ್ಣೆ ಹನಿ ಅಲ್ಲಿಗೇ ಹಾರುತ್ತದೆ. ನೋಡದೆ ಖಚಿತ ಹೇಳಲಾರೆ, ಆದರೆ ಬಹುತೇಕ ಇದೇ ಇರುತ್ತದೆ.

ಮೊದಲು ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಡಿ. ಮೊಬೈಲ್ ಟಾರ್ಚ್ ಒಳಗೆ ಹಾಕಿ ಮೇಲಕ್ಕೆ ನೋಡಿ. ಕಂದು ಬಣ್ಣದ, ಉಗುರಿಗೆ ಅಂಟುವ ಪದರ ಕಾಣುತ್ತೆ ಅಲ್ವಾ? ಅದೇ.

ಬಿಸಿನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ. ಕಾಯಿಲ್ ಸಂದಿಗೆ ಹಳೇ ಟೂತ್‌ಬ್ರಷ್ ಸಾಕು, ಮೆಲ್ಲಗೆ. ಗೋಡೆಯ ಹಟಮಾರಿ ಕಲೆಗೆ ಅಡುಗೆ ಸೋಡಾ ಕಲಸಿ ಹಚ್ಚಿ ಅರ್ಧ ಗಂಟೆ ಬಿಡಿ. ಕಾಯಿಲ್‌ಗೆ ಮಾತ್ರ ಸೋಡಾ ಬೇಡ, ಉಳಿದದ್ದು ಮತ್ತೆ ಸುಟ್ಟು ವಾಸನೆ ಬರುತ್ತದೆ. ಒಳಗೆ ನೀರು ಚಿಮುಕಿಸಬೇಡಿ. ಸ್ಟೀಲ್ ಸ್ಕ್ರಬ್ಬರ್ ಕೂಡ ಬೇಡ, ಅದರ ಒಂದು ಎಳೆ ಒಳಗೆ ಉಳಿದರೂ ಶಾರ್ಟ್ ಆಗಬಹುದು.

ಬರೀ ನೀರಿನ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಬಾಗಿಲು ತೆರೆದಿಟ್ಟು ರಾತ್ರಿಯಿಡೀ ಒಣಗಿಸಿ. ಆಮೇಲೆ ಕಿಟಕಿ ತೆಗೆದು 180 ಡಿಗ್ರಿಯಲ್ಲಿ ಹತ್ತು ನಿಮಿಷ ಖಾಲಿ ಓಡಿಸಿ. ಆಗ ಸ್ವಲ್ಪ ಹೊಗೆ ಬಂದರೆ ಗಾಬರಿ ಬೇಡ.

ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಮಾತ್ರ ಅದು ಜಿಡ್ಡಲ್ಲ. ಪ್ಲಗ್ ಕಿತ್ತು ಸರ್ವಿಸ್‌ನವರಿಗೆ ತೋರಿಸಿ.